ಫೆಲೋಶಿಪ್ ಇಲ್ಲದೆ ಅರ್ಥಶಾಸ್ತ್ರದ ಪಿಎಚ್‌ಡಿಗೆ ಸೇರಬಹುದಾ?

ಕೆಂಪುರಾಶಿ
ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವಳು. ಎಂ.ಎ. ಅರ್ಥಶಾಸ್ತ್ರ ಮುಗಿಸಿ ಎರಡು ವರ್ಷ ಆಯಿತು. ಈಗ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ವಯಸ್ಸು 26.

ಅಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ. ಬ್ಯಾಡಗಿ ಮಾರುಕಟ್ಟೆಗೆ ಚೀಲ ಕಟ್ಟುವ ಹೊತ್ತಿಗೆ ಪ್ರತಿ ವರ್ಷ ಮನೆಯಲ್ಲಿ ಒಂದೇ ಮಾತು. ಈಗಲೇ ಮಾರೋದಾ, ಕೋಲ್ಡ್ ಸ್ಟೋರೇಜ್‌ನಲ್ಲಿ ಇಡೋದಾ? ಇಟ್ಟರೆ ಬಾಡಿಗೆ, ಮೇಲೆ ಸಾಲದ ಬಡ್ಡಿ. ಮಾರಿದ ಮೇಲೆ ದರ ಏರಿದರೆ ವರ್ಷವಿಡೀ ಅದೇ ಸಂಕಟ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಅಲ್ಲಿ ಎಪಿಎಂಸಿ ಎದುರು ವಾಹನಗಳು ಸುಟ್ಟವಲ್ಲ, ಆ ದಿನದಿಂದ ಈ ಪ್ರಶ್ನೆ ನನ್ನ ತಲೆಯಿಂದ ಹೋಗಿಲ್ಲ. ಯಾರು ಕಾಯುತ್ತಾರೆ, ಯಾರಿಗೆ ಕಾಯಲು ಆಗುವುದಿಲ್ಲ, ಅದಕ್ಕೂ ಅವರ ಸಾಲಕ್ಕೂ ಏನು ಸಂಬಂಧ? ಇದನ್ನೇ ಪಿಎಚ್‌ಡಿಯಲ್ಲಿ ಮಾಡಬೇಕು ಅಂತ ಆಸೆ.

ನೆಟ್, ಅಂದರೆ ಉಪನ್ಯಾಸಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆದೆ. ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆ ಮತ್ತು ಪಿಎಚ್‌ಡಿ ಪ್ರವೇಶ ಸಿಕ್ಕಿತು. ಅದೇ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ಸ್ವಲ್ಪದರಲ್ಲಿ ತಪ್ಪಿತು. ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಗೈಡ್ ಸಿಕ್ಕಿದ್ದಾರೆ, ಒಳ್ಳೆಯವರು. ಆದರೆ ಅಲ್ಲಿ ಫೆಲೋಶಿಪ್ ಇಲ್ಲ. ಸೇರಿದರೆ ಕಾಲೇಜಿನ ಕೆಲಸ ಬಿಡಬೇಕು. ತಮ್ಮನ ಡಿಪ್ಲೊಮಾ ಫೀಸು ನನ್ನ ಸಂಬಳದಿಂದಲೇ ಹೋಗುತ್ತಿದೆ.

ಈಗ ಸೇರಿ ಆಮೇಲೆ ಹಣ ಹುಡುಕಲಾ? ಇಲ್ಲ ಹಣ ಗಟ್ಟಿಯಾದ ಮೇಲೆ ಸೇರಲಾ? ದಾಟಿ ಬಂದವರು ಹೇಳಿ.

ತುಂಗಾತೀರ
ಸೇರಬೇಡಿ ತಂಗಿ. ಬೇಜಾರಾದರೂ ಪರವಾಗಿಲ್ಲ, ನೇರವಾಗಿ ಹೇಳುತ್ತೇನೆ.

ನಾನು ಹಾಗೇ ಸೇರಿದವನು. "ಬಾ, ಆಮೇಲೆ ಏನಾದರೂ ಆಗುತ್ತೆ" ಅಂದರು. ಏನೂ ಆಗಲಿಲ್ಲ. ಬೆಳಿಗ್ಗೆ ಲೈಬ್ರರಿ, ಸಂಜೆ ಕೋಚಿಂಗ್ ಕ್ಲಾಸಿನಲ್ಲಿ ಪಾಠ. ಎರಡನೇ ವರ್ಷದಲ್ಲಿ ಸಂಜೆಯ ಪಾಠವೇ ಮುಖ್ಯವಾಯಿತು. ಅಡಿಕೆ ಬೆಳೆಗಾರರ ಸಮೀಕ್ಷೆಗೆ 240 ಮನೆ ಅಂದುಕೊಂಡಿದ್ದೆ, 90ಕ್ಕೆ ದುಡ್ಡು ಮುಗಿಯಿತು. 90 ಮನೆಯ ಮಾಹಿತಿ ಹಿಡಿದು ಯಾವ ತೀರ್ಮಾನವನ್ನೂ ಗಟ್ಟಿಯಾಗಿ ಹೇಳಲು ಆಗಲಿಲ್ಲ. ಅಷ್ಟರಲ್ಲಿ ಜೆಆರ್‌ಎಫ್ ವಯಸ್ಸು ದಾಟಿತ್ತು. ಪ್ರಬಂಧ ಇನ್ನೂ ಮನೆಯ ಕಪಾಟಿನಲ್ಲಿದೆ.

ಹಣ ಇಲ್ಲದೆ ಕಾದಂಬರಿ ಬರೆಯಬಹುದೇನೋ. ಅನ್ವಯಿಕ ಅರ್ಥಶಾಸ್ತ್ರ ಮಾಡಲಾಗದು. ಊರೂರು ಸುತ್ತಬೇಕು, ಮನೆ ಮನೆಗೆ ಹೋಗಬೇಕು.

ನಾಗರಭಾವಿ ಹಳೇ ವಿದ್ಯಾರ್ಥಿ
ತುಂಗಾತೀರ ಸರ್, ಓದಿ ಮನಸ್ಸಿಗೆ ನೋವಾಯಿತು. ನಿಮ್ಮ ಮಾತು ನಿಜ. ಆದರೂ ಈ ತಂಗಿಗೆ ಲೆಕ್ಕ ಪೂರ್ತಿ ಗೊತ್ತಾಗಲಿ ಅಂತ ಬರೆಯುತ್ತೇನೆ.

ಜೆಆರ್‌ಎಫ್ ಯಾಕೆ ಮುಖ್ಯ ನೋಡಿ. 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಆಮೇಲೆ ಸಮಿತಿ ನಿಮ್ಮ ಕೆಲಸ ನೋಡಿ ಒಪ್ಪಿದರೆ ಎಸ್‌ಆರ್‌ಎಫ್ (ಸೀನಿಯರ್ ಫೆಲೋಶಿಪ್), ತಿಂಗಳಿಗೆ 42,000, ಮೂರು ವರ್ಷ. ಐದು ವರ್ಷಕ್ಕೆ ಕೂಡಿಸಿದರೆ 24 ಲಕ್ಷ. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಅದು ಊರಿನ ದರ್ಜೆ ನೋಡಿ ಬರುತ್ತದೆ: ಬೆಂಗಳೂರಿಗೆ ಜಾಸ್ತಿ, ಮೈಸೂರು, ಧಾರವಾಡಕ್ಕೆ ಅದಕ್ಕಿಂತ ಕಮ್ಮಿ.

ಇನ್ನು ಕಂಟಿಂಜೆನ್ಸಿ, ಅಂದರೆ ಸಂಶೋಧನೆಯ ಇತರ ಖರ್ಚಿನ ಹಣ. ಸಮಾಜ ವಿಜ್ಞಾನದವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 10,000, ಮುಂದಿನ ಮೂರು ವರ್ಷ ವರ್ಷಕ್ಕೆ 20,500. ಒಟ್ಟು 81,500. ಪುಸ್ತಕ, ಪ್ರಿಂಟು, ಓಡಾಟ ಎಲ್ಲ ಇದರಲ್ಲೇ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಕೆಳಗೆ ಯಾರಾದರೂ ಸಮೀಕ್ಷೆಯ ಖರ್ಚು ಬರೆದರೆ ಹೋಲಿಸಿ ನೋಡಿ.

ಎರಡನೇ ದಾರಿ ಐಸಿಎಸ್‌ಎಸ್‌ಆರ್. 1969ರಲ್ಲಿ ಶುರುವಾದ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ. ಅದರ ಡಾಕ್ಟರಲ್ ಫೆಲೋಶಿಪ್ ನನ್ನ ಕಾಲದಲ್ಲಿ ತಿಂಗಳಿಗೆ 20,000, ವರ್ಷಕ್ಕೆ 20,000 ಕಂಟಿಂಜೆನ್ಸಿ, ಎರಡು ವರ್ಷ. ಈಗಿನ ಮೊತ್ತಕ್ಕೆ ಹೊಸ ಪ್ರಕಟಣೆ ನೋಡಿ. ಜೆಆರ್‌ಎಫ್‌ನ ಅರ್ಧವೇ ಆದರೂ ಪ್ರಬಂಧ ಮುಗಿಸಿದವರನ್ನು ಕಣ್ಣಾರೆ ಕಂಡಿದ್ದೇನೆ. ಕೇಂದ್ರದಿಂದ ನೇರವಾಗಿ ಕೊಡುವುದು ಒಂದು. ಅದರ ಸಂಶೋಧನಾ ಸಂಸ್ಥೆಗಳ ಮೂಲಕ ಕೊಡುವುದು ಇನ್ನೊಂದು. ಎರಡನೆಯದನ್ನು ನಮ್ಮ ಕಡೆಯವರು ಕೇಳಿಯೇ ಇರುವುದಿಲ್ಲ.

ನಮ್ಮ ರಾಜ್ಯದಲ್ಲಿ ಅಂಥ ಸಂಸ್ಥೆಗಳಿವೆ. ಬೆಂಗಳೂರಿನ ನಾಗರಭಾವಿಯಲ್ಲಿ ಐಸೆಕ್, ಧಾರವಾಡದಲ್ಲಿ ಸಿಎಂಡಿಆರ್. ಐಸೆಕ್ ಶುರುಮಾಡಿದ್ದು ವಿ.ಕೆ.ಆರ್.ವಿ. ರಾವ್, 1972ರಲ್ಲಿ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದ್ದೂ ಅವರೇ. ಅಲ್ಲಿಂದ ಬಂದು ನಮ್ಮೂರಲ್ಲಿ ಇಂಥದ್ದೊಂದು ಕಟ್ಟಿದರಲ್ಲ, ನನಗೆ ಇವತ್ತಿಗೂ ಅದು ದೊಡ್ಡ ವಿಷಯ. ಐಸೆಕ್‌ನಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳು ವರ್ಷಕ್ಕೆ ಎರಡು ಸಲ ಎಲ್ಲರ ಮುಂದೆ ತಮ್ಮ ಕೆಲಸ ಹೇಳಬೇಕು. ಮೊದಲ ಸಲ ನನ್ನ ಕೈ ನಡುಗಿತ್ತು. ಆದರೆ ನನ್ನ ಮಾದರಿಯಲ್ಲಿದ್ದ ದೊಡ್ಡ ತಪ್ಪು ಸಿಕ್ಕಿದ್ದು ಆ ದಿನವೇ.

ಪಕ್ಕದ ರಾಜ್ಯಗಳನ್ನೂ ನೋಡಿ. ತಿರುವನಂತಪುರದ ಸಿಡಿಎಸ್‌ನಲ್ಲಿ ಎಂ.ಎ. ಕೋರ್ಸಿನ ಹೆಸರೇ ಅನ್ವಯಿಕ ಅರ್ಥಶಾಸ್ತ್ರ. ಮುಂಬೈಯ ಐಜಿಐಡಿಆರ್ ರಿಸರ್ವ್ ಬ್ಯಾಂಕ್ 1987ರಲ್ಲಿ ಕಟ್ಟಿದ ಸಂಸ್ಥೆ. ಅಲ್ಲಿ ಸೇರಿದವರಿಗೆ ಸಂಸ್ಥೆಯೇ ಸ್ಟೈಪೆಂಡ್ ಕೊಡುತ್ತದೆ. ಪ್ರವೇಶ ಪರೀಕ್ಷೆಯಲ್ಲಿ ಗಣಿತ ಜಾಸ್ತಿ, ತಯಾರಿ ಬೇಕು.

ಕೆಂಪುರಾಶಿ
ಅಣ್ಣ, ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಐಸೆಕ್ ಹೆಸರು ಪುಸ್ತಕದ ಹಿಂಬದಿಯಲ್ಲಿ ನೋಡಿದ್ದೆ ಅಷ್ಟೇ. ನಮ್ಮಂಥವರು ಅಲ್ಲಿ ಅರ್ಜಿ ಹಾಕಬಹುದು ಅಂತಲೇ ಅನಿಸಿರಲಿಲ್ಲ.

ಧಾರವಾಡದ ಮೇಷ್ಟ್ರು
ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಒಂಬತ್ತು ಜನರಿಗೆ ಗೈಡ್ ಆಗಿದ್ದೇನೆ. ತುಂಗಾತೀರ ಅವರ "ಸೇರಬೇಡಿ" ಅನ್ನುವ ಮಾತಿಗೆ ಪೂರ್ತಿ ಒಪ್ಪಲಾರೆ.

ಒಂದು ನಿಯಮ ತುಂಬ ಜನಕ್ಕೆ ಗೊತ್ತಿಲ್ಲ. ಪಿಎಚ್‌ಡಿಗೆ ನೋಂದಣಿ ಆದ ಮೇಲೂ ನೆಟ್ ಬರೆಯಬಹುದು. ಆಗ ಜೆಆರ್‌ಎಫ್ ಬಂದರೆ ಅಲ್ಲಿಂದ ಫೆಲೋಶಿಪ್ ಶುರು ಆಗುತ್ತದೆ. ನೋಂದಣಿ ದಿನ, ಫಲಿತಾಂಶದ ದಿನ, ಇವೆರಡರಲ್ಲಿ ಯಾವುದು ಆಮೇಲೆ ಬಂತೋ ಅದು ಲೆಕ್ಕ. ಹಾಗಾಗಿ ಸೇರಿದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ.

ಆದರೆ ಇದರಲ್ಲಿ ಒಂದು ಕೊಕ್ಕೆ ಇದೆ. 2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ ಮೂರು, ಹೆಚ್ಚೆಂದರೆ ಆರು ವರ್ಷ. ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷ ಸಡಿಲಿಕೆ ಇದೆ, ಹೆರಿಗೆ ರಜೆ 240 ದಿನ ಇದೆ. ನೋಂದಣಿ ಆದ ದಿನವೇ ಆ ಗಡಿಯಾರ ಓಡಲು ಶುರು. ಜೆಆರ್‌ಎಫ್ ಎರಡು ವರ್ಷ ತಡವಾಗಿ ಬಂದರೆ, ಹಣ ಇಲ್ಲದ ಎರಡು ವರ್ಷ ಅಷ್ಟರಲ್ಲಿ ಕಳೆದಿರುತ್ತದೆ. ಪ್ರಬಂಧ ಒಪ್ಪಿಸಿದ ಮೇಲೆ ಫೆಲೋಶಿಪ್ ಇರುವುದಿಲ್ಲ.

ಮಗಳೇ, ನಿನ್ನ ವಯಸ್ಸು 26. ಜೆಆರ್‌ಎಫ್ ವಯಸ್ಸಿನ ಮಿತಿ 30. ಮಹಿಳೆಯರಿಗೆ ಐದು ವರ್ಷ ಸಡಿಲಿಕೆ. ನಿನಗೆ ಸಮಯ ಇದೆ. ನಾನಾಗಿದ್ದರೆ ಒಂದು ವರ್ಷ ಕಾಯುತ್ತಿದ್ದೆ. ನಿನ್ನ ಗೈಡ್ ಒಳ್ಳೆಯವರು ಅಂದೆಯಲ್ಲ. ಹಾಗಿದ್ದರೆ ಅವರಿಗೆ ನೇರವಾಗಿ ಹೇಳು. ವಿದ್ಯಾರ್ಥಿ ಹಸಿದುಕೊಂಡು ಓದಲಿ ಅಂತ ಯಾವ ಗೈಡೂ ಬಯಸುವುದಿಲ್ಲ.

ಒಂದು ಎಚ್ಚರ. ಪಿಎಚ್‌ಡಿ ಪ್ರವೇಶಕ್ಕೆ ನಿನಗೆ ಸಿಕ್ಕಿರುವ ನೆಟ್ ಅಂಕ ಒಂದೇ ವರ್ಷ ಚಾಲ್ತಿ. ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆಗೆ ಅವಧಿ ಇಲ್ಲ, ಅದು ಉಳಿಯುತ್ತದೆ.

ಕಡಗಂಚಿ ಬಿಸಿಲು
ಕೇಂದ್ರೀಯ ವಿಶ್ವವಿದ್ಯಾಲಯಗಳ ಬಗ್ಗೆ ಯಾರೂ ಹೇಳಲಿಲ್ಲ. ಜೆಆರ್‌ಎಫ್ ಇಲ್ಲದೆ ಅಲ್ಲಿ ಸೇರಿದವರಿಗೆ ನಾನ್-ನೆಟ್ ಫೆಲೋಶಿಪ್ ಇದೆ. ತಿಂಗಳಿಗೆ 8,000. ನಮ್ಮ ರಾಜ್ಯದಲ್ಲಿ ಕಲಬುರಗಿ ಹತ್ತಿರ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಅರ್ಥಶಾಸ್ತ್ರ ವಿಭಾಗವೂ ಇದೆ. ರಾಜ್ಯ ವಿಶ್ವವಿದ್ಯಾಲಯದವರಿಗೆ ಈ 8,000 ಇಲ್ಲ.

2015ರ ಅಕ್ಟೋಬರ್‌ನಲ್ಲಿ ಇದನ್ನು ನಿಲ್ಲಿಸುತ್ತೇವೆ ಅಂದಾಗ ದೆಹಲಿಯಲ್ಲಿ ವಿದ್ಯಾರ್ಥಿಗಳು ಯುಜಿಸಿ ಕಚೇರಿ ಎದುರೇ ಕೂತರು. ನಿಲ್ಲಲಿಲ್ಲ, ಉಳಿಯಿತು. ಆದರೆ ಮೊತ್ತ ಆಗಲೂ 8,000. ಜೆಆರ್‌ಎಫ್ ಆಗಿನಿಂದ ಈಗಿನವರೆಗೆ ಎಷ್ಟು ಸಲ ಏರಿತು! ಒಂದೇ ಲ್ಯಾಬಿನಲ್ಲಿ ಪಕ್ಕಪಕ್ಕ ಕೂತು ಒಂದೇ ಡೇಟಾ ಮೇಲೆ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬರಿಗೆ 37,000, ಇನ್ನೊಬ್ಬರಿಗೆ 8,000. ನಾನು ಆ ಇನ್ನೊಬ್ಬ. ಮೆಸ್ ಬಿಲ್, ಫೋನು, ಊರಿಗೆ ಹೋಗಿ ಬರುವ ಬಸ್ಸು, ಅಷ್ಟಕ್ಕೆ ಮುಗಿಯುತ್ತದೆ.

ಇದನ್ನು ಯಾರಾದರೂ ಕೇಳಬೇಕು ಅಂತ ಸಿಕ್ಕ ಕಡೆಯಲ್ಲೆಲ್ಲ ಬರೆಯುತ್ತಿದ್ದೇನೆ.

ಗುಲ್‌ಮೊಹರ್
ಅಲ್ಪಸಂಖ್ಯಾತರಿಗೆ ಮೌಲಾನಾ ಆಜಾದ್ ಫೆಲೋಶಿಪ್ ಇತ್ತು. 2022ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಅದನ್ನು ನಿಲ್ಲಿಸಿದ್ದೇವೆ ಅಂದರು. ನಾನು ಆ ವರ್ಷವೇ ಅರ್ಜಿ ಹಾಕಬೇಕು ಅಂತ ಕೂತಿದ್ದೆ. ಎಸ್‌ಸಿ, ಎಸ್‌ಟಿ, ಒಬಿಸಿ ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ಫೆಲೋಶಿಪ್‌ಗಳು ಬೇರೆ ಇವೆ, ಕೆಂಪುರಾಶಿ ಅವರು ತಮಗೆ ಯಾವುದು ಅನ್ವಯಿಸುತ್ತದೆ ನೋಡಿಕೊಳ್ಳಿ. ರಾಜ್ಯದ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಇಲಾಖೆಗಳೂ ಪೂರ್ಣಾವಧಿ ಪಿಎಚ್‌ಡಿಯವರಿಂದ ಅರ್ಜಿ ಕರೆಯುತ್ತವೆ. ಮೊತ್ತ ಸಣ್ಣದು. ಆದರೆ ನನಗೆ ಎರಡು ವರ್ಷ ಹಾಸ್ಟೆಲ್ ಖರ್ಚು ಅದರಲ್ಲೇ ನಡೆಯಿತು. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿ ಇಟ್ಟುಕೊಳ್ಳಿ. ಕೊನೆ ದಿನ ಸರ್ವರ್ ಕೈಕೊಡುತ್ತದೆ.

ಕೆಂಪುರಾಶಿ
ಧನ್ಯವಾದ ಅಕ್ಕ. ನಾನು ಒಬಿಸಿ, ನೋಡುತ್ತೇನೆ.

ಇನ್ನೊಂದು ಪ್ರಶ್ನೆ, ಕೇಳಲು ಸ್ವಲ್ಪ ಸಂಕೋಚ. ನಾನು ಎಂ.ಎ.ವರೆಗೂ ಕನ್ನಡದಲ್ಲೇ ಬರೆದವಳು. ನೆಟ್‌ನಲ್ಲಿ ಅರ್ಥಶಾಸ್ತ್ರದ ಪ್ರಶ್ನೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. "ಸ್ಥಿತಿಸ್ಥಾಪಕತ್ವ" ಅಂದರೆ ನಿದ್ದೆಯಲ್ಲೂ ಹೇಳುತ್ತೇನೆ. ಪರೀಕ್ಷೆಯಲ್ಲಿ ಆ ಇಂಗ್ಲಿಷ್ ವಾಕ್ಯ ಎರಡು ಸಲ ಓದುವಷ್ಟರಲ್ಲಿ ಸಮಯ ಹೋಗುತ್ತದೆ. ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಸುಲಭ ಅನ್ನುತ್ತಾರೆ, ಅದನ್ನು ಬರೆಯಲಾ?

ಕಣದ ಮಾತು
ಕೆ-ಸೆಟ್ ಬರೆಯಬೇಡಿ ಅಂತಲ್ಲ, ಆದರೆ ಅದರಿಂದ ಫೆಲೋಶಿಪ್ ಬರುವುದಿಲ್ಲ. ಉಪನ್ಯಾಸಕರ ಅರ್ಹತೆ ಮಾತ್ರ, ಅದು ನಿಮ್ಮ ಹತ್ತಿರ ಈಗಾಗಲೇ ಇದೆ.

ನಾನೂ ಕನ್ನಡ ಮಾಧ್ಯಮ, ಕೊಪ್ಪಳದ ಕಡೆಯವನು. ಮೂರನೇ ಸಲಕ್ಕೆ ಜೆಆರ್‌ಎಫ್ ಆಯಿತು. ಮಾಡಿದ್ದು ಹೇಳುತ್ತೇನೆ. ಎರಡೂ ಪತ್ರಿಕೆ ಸೇರಿ ಮೂರು ಗಂಟೆಗೆ 150 ಪ್ರಶ್ನೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಒಂದೂ ಬಿಡಬಾರದು. ಹಳೆಯ ಪ್ರಶ್ನೆಪತ್ರಿಕೆ ತೆಗೆದು, ಪ್ರಶ್ನೆಗಳನ್ನು ಓದಿ ಅವು ಏನು ಕೇಳುತ್ತಿವೆ ಅಂತ ಕನ್ನಡದಲ್ಲಿ ಒಂದು ಸಾಲು ಬರೆಯುತ್ತಿದ್ದೆ. ಉತ್ತರ ಅಲ್ಲ, ಪ್ರಶ್ನೆಯನ್ನೇ. ಮೂರು ತಿಂಗಳಾದ ಮೇಲೆ ಬರೆಯುವ ಅಗತ್ಯವೇ ಬೀಳಲಿಲ್ಲ, ಓದಿದ ಕೂಡಲೇ ತಿಳಿಯುತ್ತಿತ್ತು.

ಇನ್ನೊಂದು, ಸಂಖ್ಯಾಶಾಸ್ತ್ರ, ಇಕಾನಾಮೆಟ್ರಿಕ್ಸ್, ಗಣಿತದ ಘಟಕಗಳನ್ನು ನಮ್ಮವರು ಹೆದರಿ ಬಿಡುತ್ತಾರೆ. ಅಲ್ಲಿ ಇಂಗ್ಲಿಷ್ ಕಮ್ಮಿ, ಲೆಕ್ಕ ಜಾಸ್ತಿ. ನಮಗೆ ಅನುಕೂಲ ಇರುವುದೇ ಅಲ್ಲಿ. ನನಗೆ ಅಂಕ ಏರಿದ್ದು ಆ ಘಟಕಗಳಿಂದ.

ಆ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರಬೇಕು ಅನ್ನುವುದು ಬೇರೆ ಮಾತು. ಬರಲೇಬೇಕು. ನಮ್ಮ ಮಂಡಿ, ನಮ್ಮ ಸಾಲ, ನಮ್ಮ ಹೊಲದ ಬಗ್ಗೆ ಯೋಚಿಸುವ ಶಕ್ತಿ ಇದೆಯಾ ಅಂತ ಪರೀಕ್ಷೆ ಮಾಡುವವರು ನಮ್ಮ ಭಾಷೆಯಲ್ಲಿ ಕೇಳದಿದ್ದರೆ ಹೇಗೆ?

ಮಂಡಿಪೇಟೆ
ಸಮೀಕ್ಷೆಯ ಖರ್ಚು ಕೇಳಿದ್ದರಲ್ಲ. ನಾನು ಕಲಬುರಗಿ ಕಡೆ ತೊಗರಿ ಮಾರಾಟದ ಮೇಲೆ ಮಾಡಿದ್ದೇನೆ, ಲೆಕ್ಕ ಇದೆ.

300 ಮನೆ ಅಂದುಕೊಳ್ಳಿ. ಒಂದು ಮನೆಗೆ ಒಂದೂಕಾಲು ಗಂಟೆ. ರೈತರು ಸಿಗುವುದು ಬೆಳಿಗ್ಗೆ ಬೇಗ, ಇಲ್ಲ ಸಂಜೆ. ಒಬ್ಬರೇ ದಿನಕ್ಕೆ ಐದು ಮನೆ ಮಾಡಿದರೆ ದೊಡ್ಡದು. ಅಂದರೆ 60 ದಿನ. ದಿನಕ್ಕೆ ಊಟ, ಓಡಾಟ, ಪ್ರಿಂಟು ಸೇರಿ 500 ರೂಪಾಯಿ ಹಿಡಿದರೂ 30,000. ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಂಡರೆ ಅವರ ಕೂಲಿ ಬೇರೆ. ಮೊದಲ ಎರಡು ವರ್ಷದ ಕಂಟಿಂಜೆನ್ಸಿ ಒಟ್ಟು 20,000. ಉಳಿದದ್ದು ಫೆಲೋಶಿಪ್ ಹಣದಿಂದಲೇ ಹೋಗುತ್ತದೆ. ಹಾಗಾಗಿ ಬಂದ 37,000ದಲ್ಲಿ ಮೊದಲ ವರ್ಷದಿಂದಲೇ ತಿಂಗಳಿಗೆ ಒಂದಿಷ್ಟು ಸಮೀಕ್ಷೆಗೆ ಅಂತ ಎತ್ತಿಡಿ.

ಒಂದು ಉಳಿತಾಯ ಹೇಳುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿ ಬಸ್ಸಿನಲ್ಲಿ ನನಗೆ ಟಿಕೆಟ್ ಹಣ ಹೋಗಲಿಲ್ಲ. ಎರಡನೇ ಸುತ್ತಿನ ಸಮೀಕ್ಷೆ ಪೂರ್ತಿ ಶೂನ್ಯ ಟಿಕೆಟ್‌ನಲ್ಲೇ ಆಯಿತು. ಸಂಶೋಧನೆಗೆ ಸಿಕ್ಕ ದೊಡ್ಡ ಅನುದಾನ ಅಂದರೆ ನನಗೆ ಅದೇ. ಮನೆಗಳಲ್ಲಿ ಹೆಂಗಸರು ನನ್ನ ಜೊತೆ ಸಲೀಸಾಗಿ ಮಾತಾಡಿದರು. ಗಂಡಸರು ಬ್ಯಾಂಕ್ ಸಾಲ ಹೇಳಿದರೆ, ಸಂಘದ ಸಾಲ, ಚಿನ್ನದ ಸಾಲದ ಲೆಕ್ಕ ಕೊಟ್ಟಿದ್ದು ಅವರೇ. ಇದು ನಿಮ್ಮ ವಿಷಯಕ್ಕೂ ಬೇಕಾಗುತ್ತದೆ.

ಎಲ್ಲವನ್ನೂ ಸಮೀಕ್ಷೆಯಿಂದಲೇ ತೆಗೆಯಬೇಕಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮನೆವಾರು ಡೇಟಾ ಉಚಿತ. ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ ಮಂಡಿವಾರು ದರ ಸಿಗುತ್ತದೆ. ಡೇಟಾ ಲೆಕ್ಕಕ್ಕೆ ಸ್ಟಾಟಾ ತಂತ್ರಾಂಶ ಕೊಳ್ಳಲು ದುಡ್ಡು ಹಾಕಬೇಡಿ, ಆರ್ (R) ಕಲಿಯಿರಿ, ಅದಕ್ಕೆ ಹಣ ಬೇಕಿಲ್ಲ.

ಎರಡನೇ ಪಾಳಿ
ಹಣ ಮಂಜೂರಾದ ಮೇಲೂ ಪ್ರತಿ ತಿಂಗಳು ಕೈಗೆ ಬರುವುದು ಬೇರೆ ವಿಷಯ. ಜೆಆರ್‌ಎಫ್ ಹಣ ಕೆನರಾ ಬ್ಯಾಂಕ್ ಪೋರ್ಟಲ್ ಮೂಲಕ ಬರುತ್ತದೆ. ತಿಂಗಳು ತಿಂಗಳು ನಿಮ್ಮ ವಿಶ್ವವಿದ್ಯಾಲಯದಲ್ಲಿ ಒಬ್ಬರು ಮಾಹಿತಿ ಏರಿಸಬೇಕು, ಇನ್ನೊಬ್ಬರು ಒಪ್ಪಬೇಕು. ಮೇಕರ್, ಚೆಕ್ಕರ್ ಅನ್ನುತ್ತಾರೆ. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೆ ನಿಮ್ಮ ಬಾಡಿಗೆ ನಿಂತಿತು. ನನಗೆ ಒಮ್ಮೆ ಏಳು ತಿಂಗಳು ಬರಲಿಲ್ಲ. ಆಮೇಲೆ ಒಟ್ಟಿಗೆ ಬಂತು. ಆದರೆ ಆ ಏಳು ತಿಂಗಳು ಅಮ್ಮನ ಬಳೆ ಅಡವಿಟ್ಟು ನಡೆಸಿದೆ.

ಸೇರುವ ಮೊದಲು ಆ ವಿಭಾಗದ ಸೀನಿಯರ್‌ಗಳನ್ನು ಕೇಳಿ: ಇಲ್ಲಿ ಹಣ ಎಷ್ಟನೇ ತಾರೀಖಿಗೆ ಬರುತ್ತದೆ? ಗೈಡ್ ಬಗ್ಗೆ ವಿಚಾರಿಸುವಷ್ಟೇ ಇದನ್ನೂ ವಿಚಾರಿಸಿ. ಮೂರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು ಸೇರಿ.

ಗಟಿಂಗನ್‌ನಿಂದ
ಹೊರದೇಶದ ಮಾತು ಚಿಕ್ಕದಾಗಿ. ನಾನು ಜರ್ಮನಿಯಲ್ಲಿ ಕೃಷಿ ಅರ್ಥಶಾಸ್ತ್ರದಲ್ಲಿದ್ದೇನೆ. ಇಲ್ಲಿ ಪಿಎಚ್‌ಡಿ ಅಂದರೆ ಎಷ್ಟೋ ಕಡೆ ಕೆಲಸದ ಹಾಗೆ, ಒಪ್ಪಂದ, ಸಂಬಳ. ಅಮೆರಿಕದ ಒಳ್ಳೆಯ ವಿಭಾಗಗಳಲ್ಲಿ ಫೀಸು ಮನ್ನಾ, ಪಾಠಕ್ಕೆ ಸಹಾಯ ಮಾಡಿದ್ದಕ್ಕೆ ಸ್ಟೈಪೆಂಡ್. ಅರ್ಜಿ ಶುಲ್ಕ ಮಾತ್ರ ಮೊದಲು ಕೈಯಿಂದ ಹೋಗುತ್ತದೆ. ಶುಲ್ಕ ಮನ್ನಾ ಇದೆಯಾ ಅಂತ ಮೇಲ್ ಹಾಕಿ ಕೇಳಿ, ಕೇಳಿದವರಿಗೆ ಕೊಡುವ ಕಡೆಗಳಿವೆ.

ನಿಮಗೆ ಹೊಂದುವುದು ಇನ್ನೊಂದಿದೆ. ಫುಲ್‌ಬ್ರೈಟ್-ನೆಹರು ಡಾಕ್ಟರಲ್ ಫೆಲೋಶಿಪ್. ಭಾರತದಲ್ಲೇ ಪಿಎಚ್‌ಡಿಗೆ ನೋಂದಣಿ ಆದವರು ಆರರಿಂದ ಒಂಬತ್ತು ತಿಂಗಳು ಅಮೆರಿಕದಲ್ಲಿ ಕೆಲಸ ಮಾಡಿ ಬರಬಹುದು. ಸಮೀಕ್ಷೆ ಮುಗಿದು ಡೇಟಾ ಕೈಯಲ್ಲಿರುವಾಗ ಅದಕ್ಕೆ ಹಾಕಿ. ಈಗಲ್ಲ.

ನಾಗರಭಾವಿ ಹಳೇ ವಿದ್ಯಾರ್ಥಿ
ಕೆಂಪುರಾಶಿ, ಇನ್ನೊಂದು ಮಾತು ಬಿಟ್ಟುಹೋಗಿತ್ತು. ಕಾಯುವ ವರ್ಷವನ್ನು ಖಾಲಿ ಬಿಡಬೇಡಿ. ಸಂಶೋಧನಾ ಸಂಸ್ಥೆಗಳ ಪ್ರಾಜೆಕ್ಟ್‌ಗಳಿಗೆ ಸಹಾಯಕರು ಬೇಕಾಗುತ್ತಾರೆ. ಸಂಬಳ ಬರುತ್ತದೆ. ಪ್ರಶ್ನಾವಳಿ ಮಾಡುವುದು, ಡೇಟಾ ತಿದ್ದುವುದು ಕೈಗೆ ಹತ್ತುತ್ತದೆ. ಸಂದರ್ಶನದಲ್ಲಿ ಅದು ತುಂಬ ಕೆಲಸಕ್ಕೆ ಬರುತ್ತದೆ.

ತುಂಗಾತೀರ
ಈ ಮಾತು ನನಗೆ ಆಗ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಧಾರವಾಡದ ಮೇಷ್ಟ್ರು
ತುಂಗಾತೀರ ಅವರೇ, ಆ 90 ಮನೆಯ ಮಾಹಿತಿ ಎಸೆದಿಲ್ಲ ತಾನೇ? ಸಣ್ಣ ಮಾದರಿಯಲ್ಲೂ ಹೇಳಲು ಬರುವಂಥದ್ದು ಇರುತ್ತದೆ. ನನಗೆ ಖಾಸಗಿಯಾಗಿ ಬರೆಯಿರಿ, ಕೂತು ನೋಡೋಣ.

ಕೆಂಪುರಾಶಿ (ಎಂಟು ತಿಂಗಳ ನಂತರ)
ಎಲ್ಲರಿಗೂ ಮತ್ತೆ ನಮಸ್ಕಾರ. ಏನಾಯಿತು ಅಂತ ಹೇಳಬೇಕಲ್ಲ.

ಆಗ ಸೇರಲಿಲ್ಲ. ಗೈಡ್ ಸರ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ನಿನ್ನ ವಿಷಯ ನಿನಗಾಗಿ ಇರುತ್ತೆ, ಹೋಗಿ ತಯಾರಾಗಿ ಬಾ" ಅಂದರು. ಒಂದು ಸಂಶೋಧನಾ ಸಂಸ್ಥೆಯ ಪ್ರಾಜೆಕ್ಟ್‌ನಲ್ಲಿ ಸಹಾಯಕಿಯಾಗಿ ಸೇರಿದೆ. ಸಂಬಳ ಕಾಲೇಜಿಗಿಂತ ಸ್ವಲ್ಪ ಜಾಸ್ತಿ, ತಮ್ಮನ ಫೀಸು ಕಟ್ಟಿದೆ. ನೆಟ್ ಮತ್ತೆ ಬರೆದೆ, ಫಲಿತಾಂಶ ಇನ್ನೂ ಬಂದಿಲ್ಲ. ಈ ಸಲ 150ಕ್ಕೆ 150 ಉತ್ತರಿಸಿದೆ. ಕಣದ ಮಾತು ಅಣ್ಣನ ಉಪಾಯ ಪೂರ್ತಿ ಮಾಡಿದೆ, ಎರಡು ನೋಟ್‌ಬುಕ್ ತುಂಬಿದವು. ಅದರ ಜೊತೆಗೆ ಎರಡು ಸಂಸ್ಥೆಗೆ ಅರ್ಜಿ ಹಾಕಿದ್ದೇನೆ. ಜೆಆರ್‌ಎಫ್ ಬಂದರೆ ಗೈಡ್ ಸರ್ ಹತ್ತಿರ. ಬರದೆ ಸಂಸ್ಥೆಯ ಫೆಲೋಶಿಪ್ ಸಿಕ್ಕರೆ ಅಲ್ಲಿ. ಎರಡೂ ಇಲ್ಲದಿದ್ದರೆ ಪ್ರಾಜೆಕ್ಟ್‌ನಲ್ಲೇ ಮುಂದುವರಿದು ಇನ್ನೊಂದು ಸಲ ಬರೆಯುತ್ತೇನೆ. ಹಣ ಇಲ್ಲದೆ ಸೇರುವುದಿಲ್ಲ ಅಂತ ಗಟ್ಟಿ ಮಾಡಿಕೊಂಡಿದ್ದೇನೆ.

ರಜೆಯಲ್ಲಿ ಊರಿಗೆ ಹೋದಾಗ 20 ಮನೆ ಮಾತಾಡಿಸಿ ನೋಡಿದೆ. ಕೋಲ್ಡ್ ಸ್ಟೋರೇಜ್ ರಸೀದಿ ಇಟ್ಟು ಸಾಲ ತೆಗೆದವರು ಆರು ಜನ. ನಾನು ಅಂದುಕೊಂಡದ್ದು ಸಾಲ ಇದ್ದವರು ಬೇಗ ಮಾರುತ್ತಾರೆ ಅಂತ. ಈ ಆರು ಜನ ಸಾಲ ಸಿಕ್ಕಿದ್ದಕ್ಕೇ ಕಾದಿದ್ದಾರೆ. ಅಂದರೆ ಸಾಲ ಯಾವ ಥರದ್ದು, ಯಾರದು ಅನ್ನುವುದನ್ನು ಬೇರೆ ಬೇರೆ ಕೇಳಬೇಕು. ಪ್ರಶ್ನಾವಳಿಯ ಆ ಭಾಗ ಮತ್ತೆ ಬರೆಯುತ್ತಿದ್ದೇನೆ. ಮಂಡಿಪೇಟೆ ಅಕ್ಕ, ಚಿನ್ನದ ಸಾಲ ನೀವು ಹೇಗೆ ಕೇಳಿದಿರಿ? ಮನೆಯಲ್ಲಿ ಎಲ್ಲರೂ ಇದ್ದಾಗ ಕೇಳಿದರೆ ಯಾರೂ ಬಾಯಿ ಬಿಡುತ್ತಿಲ್ಲ.

ಮಂಡಿಪೇಟೆ
ಎಲ್ಲರ ಎದುರು ಕೇಳಬೇಡ. ಕೊನೆಗೆ ಅಡುಗೆಮನೆಯಲ್ಲಿ ನೀರು ಕೇಳಿಕೊಂಡು ಹೋಗಿ ಕೂತುಕೋ. "ಸಾಲ ಇದೆಯಾ" ಅನ್ನಬೇಡ, "ಈ ವರ್ಷ ಬಿತ್ತನೆಗೆ ಒಡವೆ ಏನಾದರೂ ಬ್ಯಾಂಕಿಗೆ ಹೋಯಿತಾ" ಅಂತ ಕೇಳು. ಬಿಡಿಸಿಕೊಂಡು ಬಂದದ್ದು ಯಾವ ತಿಂಗಳು ಅಂತಲೂ ಕೇಳು. ಮಾರಿದ ತಿಂಗಳಿಗೆ ಅದನ್ನು ತಾಳೆ ನೋಡು. ನನ್ನ ಪ್ರಶ್ನಾವಳಿ ಇವತ್ತು ರಾತ್ರಿ ಕಳಿಸುತ್ತೇನೆ.